ನಡೆಯದ ದಿನ ಇಪ್ಪತ್ತು ರೂಪಾಯಿ

ನಮ್ಮಪ್ಪ ಮನೆಯಿಂದ ವಿಜಯನಗರ ಮೆಟ್ರೋ ಸ್ಟೇಷನ್‌ಗೆ ಸ್ಕೂಟರ್‌ನಲ್ಲಿ ಹೋಗಿ, ವೈಟ್‌ಫೀಲ್ಡ್‌ವರೆಗೆ ರೈಲಲ್ಲಿ ಕೂತು, ಆಮೇಲೆ ಆಫೀಸಲ್ಲೂ ಕೂತೇ ಇರ್ತಾರೆ. ಶುಗರ್ ಬಾರ್ಡರ್‌ನಲ್ಲಿದೆ, ನಡೀರಿ ಅಂತ ಡಾಕ್ಟರ್ ಹೇಳಿದ್ರೂ ಕೇಳಲಿಲ್ಲ. ದುಡ್ಡು ಕೊಟ್ರೆ ನಡೀತಾರಾ?

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಇದನ್ನೇ 281 ಉದ್ಯೋಗಿಗಳ ಮೇಲೆ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ದಿನಕ್ಕೆ 7,000 ಹೆಜ್ಜೆ, 13 ವಾರ. ಏನೂ ಸಿಗದವರು ಶೇ. 30 ದಿನ ಗುರಿ ಮುಟ್ಟಿದರು. ಮುಟ್ಟಿದ ದಿನಕ್ಕೆ 1.40 ಡಾಲರ್ ಪಡೆದವರು ಶೇ. 35, ಲಾಟರಿಯವರು ಶೇ. 36. ಇನ್ನೊಂದು ಗುಂಪಿಗೆ ತಿಂಗಳ ಮೊದಲೇ 42 ಡಾಲರ್ ಲೆಕ್ಕಕ್ಕೆ ಬರೆದು, ತಪ್ಪಿದ ದಿನ 1.40 ಕಿತ್ಕೊಂಡರು. ಅವರು ಶೇ. 45! ಮೂವತ್ತು ದಿನಕ್ಕೆ ಲೆಕ್ಕ ಹಾಕಿ ನೋಡಿ, ಮೊತ್ತ ಒಂದೇ. ಬರೋ ದುಡ್ಡಿನ ಖುಷಿಗಿಂತ ಕೈಲಿರೋದು ಹೋಗೋ ಸಂಕಟ ಜಾಸ್ತಿ. ಇದಕ್ಕೆ ಲಾಸ್ ಅವರ್ಷನ್ ಅಂತಾರೆ.

ನಾವು ಅಕ್ಕ-ತಮ್ಮ ಸೇರಿ ಅಪ್ಪನ ಹತ್ರ ₹600 ಡಬ್ಬಿಗೆ ಹಾಕಿಸಿದೆವು. ಸ್ಟೇಷನ್‌ಗೆ ನಡೆಯದ ದಿನ ₹20 ನಮ್ಮದು. ಮೊದಲ ವಾರ ₹80 ಸಿಕ್ತು, ಎರಡನೇ ವಾರ ಬರೀ ₹20. ಈಗ ಏನೂ ಸಿಗಲ್ಲ.

ಆದರೆ ಆ ಅಧ್ಯಯನದಲ್ಲಿ ಹಣ ನಿಂತ ಮೇಲೆ ಎಲ್ಲರ ಹೆಜ್ಜೆಯೂ ಇಳಿದು, ಗುಂಪುಗಳ ನಡುವೆ ವ್ಯತ್ಯಾಸವೇ ಉಳಿಯಲಿಲ್ಲ. ಹಾಗಾಗಿ ಡಬ್ಬಿ ಇನ್ನೂ ಫ್ರಿಜ್ ಮೇಲೇ ಇದೆ.