ಬೆಳ್ಳಿ ಎಲೆ ಕಂಡರೆ ಸಾಲದು

ರಷ್ಯನ್ ಆಲಿವ್ ಮತ್ತು ಆಟಮ್ ಆಲಿವ್ ಎರಡೂ ಒಂದೇ ಗಿಡ, ಬೆಳ್ಳಿಯಂತೆ ಹೊಳೆಯುವ ಎಲೆಯೇ ಅದರ ಗುರುತು ಎಂದು ಅಮೆರಿಕದಲ್ಲಿ ಹಲವರು ನಂಬಿದ್ದಾರೆ. ಮೊದಲಿಗೆ, ಇವು ಆಲಿವ್‌ಗಳೇ ಅಲ್ಲ. ಎಣ್ಣೆ ಕೊಡುವ ಆಲಿವ್‌ನ ಎಲೆಗಳು ಜೋಡಿಜೋಡಿಯಾಗಿ ಎದುರುಬದುರು ಮೂಡುತ್ತವೆ. ಇವುಗಳಲ್ಲಿ ಒಂದೊಂದೇ, ಒಮ್ಮೆ ಈ ಬದಿಗೆ ಒಮ್ಮೆ ಆ ಬದಿಗೆ. ಇವೆರಡೂ ಎಲಿಯಾಗ್ನಸ್ ಕುಲದವು. ಹೊಳಪು ಬರುವುದು ಎಲೆಗಂಟಿದ ತೀರ ಸಣ್ಣ ಹುರುಪೆಗಳಿಂದ. ಪಶ್ಚಿಮಘಟ್ಟದಲ್ಲಿ ಮರಗಳ ಮೇಲೆ ಹಬ್ಬುವ ಎಲಿಯಾಗ್ನಸ್ ಕಾನ್ಫರ್ಟಾದ ಎಲೆಯಡಿಯಲ್ಲೂ ಅವು ಉಂಟು. ಇಡೀ ಕುಲಕ್ಕೆ ಸೇರಿದ ಲಕ್ಷಣದಿಂದ ಪ್ರಭೇದವನ್ನು ಗುರುತಿಸುವುದು ಹೇಗೆ?

ಎಲೆಯ ಮೇಲ್ಮೈ ನೋಡಬೇಕು. ರಷ್ಯನ್ ಆಲಿವ್‌ನ (ಎಲಿಯಾಗ್ನಸ್ ಅಂಗುಸ್ಟಿಫೋಲಿಯಾ) ಎಲೆ ಕಿರಿದು, ಎರಡೂ ಮೈ ಬೂದುಬೆಳ್ಳಿ. ಆಟಮ್ ಆಲಿವ್‌ನದು (ಎಲಿಯಾಗ್ನಸ್ ಅಂಬೆಲ್ಲೇಟಾ) ಅಗಲ, ಮೇಲೆ ಹಸಿರು, ಅಡಿಯಲ್ಲಿ ಮಾತ್ರ ಬೆಳ್ಳಿ. ಎಳೆ ಚಿಗುರಿನಲ್ಲಿ ಆಟಮ್ ಆಲಿವ್‌ನ ಮೇಲ್ಮೈಯೂ ಬೆಳ್ಳಿಯೇ ಅಲ್ಲವೇ ಎಂದು ಆಕ್ಷೇಪಿಸಬಹುದು. ನಿಜ, ಬೇಸಿಗೆ ಬಲಿತಂತೆ ಹುರುಪೆ ಉದುರಿ ಹಸಿರು ಹೊರಬೀಳುತ್ತದೆ. ವಸಂತದಲ್ಲಿ ಎಡವುವವರು ಹಣ್ಣಿನವರೆಗೆ ಕಾಯುವುದು ಒಳ್ಳೆಯದು. ಆಟಮ್ ಆಲಿವ್‌ನ ಹಣ್ಣು ಕೆಂಪು, ಮೈತುಂಬ ಬೆಳ್ಳಿ ಚುಕ್ಕೆ, ರಸಭರಿತ, ಹುಳಿ. ಟೊಮ್ಯಾಟೊಗೆ ಕೆಂಪು ಬಣ್ಣ ಕೊಡುವ ಲೈಕೋಪೀನ್ ಅದರಲ್ಲಿ ಟೊಮ್ಯಾಟೊಗಿಂತ ಎಷ್ಟೋ ಹೆಚ್ಚು. ರಷ್ಯನ್ ಆಲಿವ್‌ನದು ಹಳದಿ ಛಾಯೆಯ, ಹಿಟ್ಟುಹಿಟ್ಟಾದ ಸಿಹಿ ಹಣ್ಣು. ಇರಾನಿನಲ್ಲಿ ನೊರೂಜ್ ಹಬ್ಬದ ಮೇಜಿಗೆ ಸೆಂಜೆದ್ ಎಂದು ಬರುವುದು ಇದೇ.

ಎರಡೂ ಹೊರಗಿನಿಂದ ತಂದು ನೆಟ್ಟವು, ಎರಡೂ ಹಬ್ಬಿ ಕಾಟ ಕೊಡುತ್ತಿವೆ, ಇಷ್ಟು ಸೂಕ್ಷ್ಮ ಯಾಕೆ ಎನ್ನುವವರಿದ್ದಾರೆ. ಆದರೆ ಕಾಟದ ಜಾಗವೇ ಬೇರೆ. ಮಧ್ಯ ಏಷ್ಯಾ ಕಡೆಯ ರಷ್ಯನ್ ಆಲಿವ್ ಉಪ್ಪು, ಬರ ಸಹಿಸಿ ಪಶ್ಚಿಮ ಅಮೆರಿಕದ ಒಣ ಸೀಮೆಯ ನದಿದಂಡೆ ಹಿಡಿಯುತ್ತದೆ. ಹಿಮಾಲಯದಿಂದ ಜಪಾನಿನವರೆಗೆ ಸಹಜವಾಗಿ ಬೆಳೆಯುವ ಆಟಮ್ ಆಲಿವ್ ಪೂರ್ವ ಅಮೆರಿಕದ ಪಾಳುಹೊಲ, ಹಳೆಯ ಗಣಿನೆಲಗಳಲ್ಲಿ ಹರಡಿದೆ. ಅದರ ‘ಕಾರ್ಡಿನಲ್’ ತಳಿಯನ್ನು 1963ರಲ್ಲಿ ಬಿಡುಗಡೆ ಮಾಡಿದ್ದು ಅಲ್ಲಿನ ಸರ್ಕಾರದ ಮಣ್ಣು ಸಂರಕ್ಷಣಾ ಇಲಾಖೆಯೇ!

ಎರಡರ ಬೇರಿನ ಗಂಟುಗಳಲ್ಲೂ ಫ್ರಾಂಕಿಯಾ ಎಂಬ ಸೂಕ್ಷ್ಮಜೀವಿ ಸಾರಜನಕ ಕೂಡಿಡುತ್ತದೆ, ನೆಲಕ್ಕೆ ಒಳ್ಳೆಯದೇ ಎಂಬ ವಾದ ಇನ್ನೊಂದು. ಬರಡು ಗಣಿನೆಲಕ್ಕೆ ಒಪ್ಪುವ ಮಾತದು. ಬಡ ಮಣ್ಣಿಗೆ ಒಗ್ಗಿಕೊಂಡ ಸ್ಥಳೀಯ ಸಸ್ಯಗಳ ನಡುವೆ ಅದೇ ಸಾರ ಅನ್ಯಗಿಡಗಳಿಗೆ ದಾರಿ ಮಾಡಿಕೊಡುತ್ತದೆ. ಬರೀ ಕಡಿದರೂ ಹೋಗುವುದಿಲ್ಲ: ಎರಡೂ ಬೊಡ್ಡೆಯಿಂದ ಮತ್ತೆ ಚಿಗುರುತ್ತವೆ.