ತಿಗನಾರೆಯಿಂದ ವಿದೇಶದ ಶಾಲೆಗೆ: ಸಿದ್ಧತೆ ಹೆಸರಿನಿಂದಲೇ ಆರಂಭವಾಗಲಿ

ವಿದೇಶದ ಮನೆಯೊಂದರಲ್ಲಿ ತಂಗಿ, ಅಲ್ಲಿಯ ಶಾಲೆಯಲ್ಲಿ ಕೆಲವು ವಾರವೋ ಒಂದು ವರ್ಷವೋ ಕಲಿತು ಬರುವುದಕ್ಕೆ ವಿದ್ಯಾರ್ಥಿ ವಿನಿಮಯವೆನ್ನುತ್ತಾರೆ. ಅದರ ಮಾತು ಬಂದೊಡನೆ ‘ಇದು ಪಟ್ಟಣದ ಇಂಗ್ಲಿಷ್ ಶಾಲೆಯ ಮಕ್ಕಳ ಪಾಲಿನದು’ ಎಂದು ಗಡಿಭಾಗದ ತಂದೆತಾಯಿಯರು ಭಾವಿಸುವುದು ಸಹಜ. ತಾಳವಾಡಿ ಬೆಟ್ಟಸೀಮೆಯ ತಿಗನಾರೆಯಂತಹ ಊರಿನಲ್ಲಿ ಮಗುವನ್ನು ಕನ್ನಡ ಮಾಧ್ಯಮಕ್ಕೆ ಸೇರಿಸುವಾಗಲೇ ಮುಂದಿನ ಬಾಗಿಲುಗಳು ಮುಚ್ಚಿಹೋಗುವವೇ ಎಂಬ ಅಳುಕು ಮನೆಯವರನ್ನು ಕಾಡುತ್ತದೆ. ಆದರೆ ನಿಜವಾದ ತೊಡಕು ಮಾಧ್ಯಮದಲ್ಲಿಲ್ಲ. ಅದಿರುವುದು ಹೊಂದಾಣಿಕೆಯಿಲ್ಲದ ದಾಖಲೆಗಳಲ್ಲಿ, ತಡವಾಗಿ ತಲುಪುವ ಮಾಹಿತಿಯಲ್ಲಿ, ಇಂಗ್ಲಿಷಿನಲ್ಲಿ ಮಾತನಾಡುವ ರೂಢಿ ಇಲ್ಲದಿರುವುದರಲ್ಲಿ. ಈ ಮೂರನ್ನೂ ಎಂಟನೆಯ ತರಗತಿಯಿಂದಲೇ ಸರಿಪಡಿಸಿಕೊಳ್ಳಲು ಸಾಧ್ಯವಿದೆ.

ಇರುವ ಹಾದಿಗಳು

ಶಾಲಾಮಕ್ಕಳ ವಿನಿಮಯದ ಪರಂಪರೆಯ ಬೇರು ಯುದ್ಧಭೂಮಿಯಲ್ಲಿದೆ. ಮಹಾಯುದ್ಧಗಳಲ್ಲಿ ಗಾಯಾಳುಗಳನ್ನು ಸಾಗಿಸಿದ ಅಮೆರಿಕದ ಆಂಬುಲೆನ್ಸ್ ಸ್ವಯಂಸೇವಕರು, ಮಕ್ಕಳು ಒಬ್ಬರ ಮನೆಯಲ್ಲಿ ಇನ್ನೊಬ್ಬರು ಬಾಳಿದರೆ ದೇಶಗಳ ನಡುವಣ ಹಗೆ ಕರಗೀತೆಂದು ನಂಬಿ, 1947ರಲ್ಲಿ ಎ.ಎಫ್.ಎಸ್. ಮೂಲಕ ಪ್ರೌಢಶಾಲಾ ವಿನಿಮಯವನ್ನು ಆರಂಭಿಸಿದರು. ರೋಟರಿ ಸಂಸ್ಥೆಯ ಯುವ ವಿನಿಮಯವೂ ಹದಿಹರೆಯದವರಿಗಾಗಿಯೇ ಇದೆ. ಇಂತಹ ಕಾರ್ಯಕ್ರಮಗಳಲ್ಲಿ ವಿಮಾನ, ವಿಮೆ ಮೊದಲಾದ ಖರ್ಚು ಸಾಮಾನ್ಯವಾಗಿ ಕುಟುಂಬದ ಮೇಲೆಯೇ ಬೀಳುತ್ತದೆ. ವಿದ್ಯಾರ್ಥಿವೇತನವಿದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಬಡ ಮನೆಗಳು ಗಮನಿಸಬೇಕಾದುದು ವೆಚ್ಚವನ್ನು ಆಯೋಜಕರೇ ಭರಿಸುವ ಯೋಜನೆಗಳನ್ನು. ಅಮೆರಿಕ ಸರ್ಕಾರವು 2002ರಲ್ಲಿ ಸ್ಥಾಪಿಸಿದ ಕೆನಡಿ-ಲೂಗರ್ ‘ಯೆಸ್’ ಕಾರ್ಯಕ್ರಮವು ಭಾರತದ ಮಕ್ಕಳಿಗೂ ಅವಕಾಶ ನೀಡಿದೆ. ಜಪಾನ್ 2014ರಲ್ಲಿ ತೊಡಗಿಸಿದ ಸಕುರಾ ವಿಜ್ಞಾನ ವಿನಿಮಯಕ್ಕೆ ಭಾರತದ ಶಾಲಾಮಕ್ಕಳು 2016ರಿಂದ ಹೋಗುತ್ತಿದ್ದಾರೆ; ಇದು ಅಲ್ಪಾವಧಿಯದು, ವಿಜ್ಞಾನದಲ್ಲಿ ಆಸಕ್ತಿಯುಳ್ಳವರಿಗೆ ಮೀಸಲಾದುದು. ಯಾವ ವರ್ಷ ಯಾವುದಕ್ಕೆ ಅರ್ಜಿ ಕರೆದಿದ್ದಾರೆಂಬುದನ್ನು ಮುಖ್ಯೋಪಾಧ್ಯಾಯರ ಮೂಲಕ, ಆಯಾ ಸಂಸ್ಥೆಯ ಅಧಿಕೃತ ಪ್ರಕಟಣೆಯ ಮೂಲಕವೇ ತಿಳಿಯಬೇಕು. ‘ಸೀಟು ಕೊಡಿಸುತ್ತೇನೆ’ ಎಂದು ಮುಂಗಡ ಕೇಳುವ ಮಧ್ಯವರ್ತಿಯನ್ನು ದೂರವಿಡಬೇಕು.

ಒಂದು ಹೆಸರು, ಮೂರು ಲಿಪಿ

ಗಡಿಯ ಮಕ್ಕಳಿಗೆ ಮಾತ್ರ ಎದುರಾಗುವ ತೊಡಕೊಂದಿದೆ. ಊರಿನ ಹೆಸರನ್ನೇ ನೋಡಬಹುದು: ಕನ್ನಡಿಗರ ಬಾಯಲ್ಲಿ ಅದು ತಿಗನಾರೆ, ಸರ್ಕಾರಿ ಕಡತಗಳಲ್ಲಿ ತಿಗನಾರೈ. ಮಗುವಿನ ಹೆಸರಿಗೂ ಇದೇ ಗತಿ. ತಮಿಳು ಲಿಪಿಯಲ್ಲಿ ‘ಕ’ಕ್ಕೂ ‘ಗ’ಕ್ಕೂ ಒಂದೇ ಅಕ್ಷರ, ‘ಪ’ಕ್ಕೂ ‘ಬ’ಕ್ಕೂ ಒಂದೇ. ಮನೆಯಲ್ಲಿ ಬಸವರಾಜುವಾದವನು ತಮಿಳು ದಾಖಲೆಯಿಂದ ಇಂಗ್ಲಿಷಿಗೆ ಇಳಿಯುವಾಗ ಪಸವರಾಜು ಆಗಬಹುದು; ಗೌರಮ್ಮ ಕೌರಮ್ಮಳಾಗಬಹುದು. ಜನನ ಪತ್ರದಲ್ಲೊಂದು, ಆಧಾರ್‌ನಲ್ಲೊಂದು, ಶಾಲಾ ವರ್ಗಾವಣೆ ಪತ್ರದಲ್ಲೊಂದು ಕಾಗುಣಿತವಿದ್ದರೆ ಪಾಸ್‌ಪೋರ್ಟ್ ಅಲ್ಲಿಯೇ ತಡೆದು ನಿಲ್ಲುತ್ತದೆ.

ಇನಿಷಿಯಲ್‌ನದು ಇನ್ನೊಂದು ಗೋಜು. ತಮಿಳುನಾಡಿನಲ್ಲಿ ತಂದೆಯ ಹೆಸರಿನ ಮೊದಲಕ್ಷರವನ್ನು ಮಗುವಿನ ಹೆಸರಿನ ಹಿಂದೆ ಬರೆಯುವುದು ವಾಡಿಕೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ಸಲ್ಲದು. ಅದನ್ನು ಬಿಡಿಸಿ ಪೂರ್ಣವಾಗಿ ಬರೆಯಬೇಕು. ಆದುದರಿಂದ ಇಂಗ್ಲಿಷಿನಲ್ಲಿ ಹೆಸರು ಹೇಗಿರಬೇಕೆಂದು ಮನೆಯವರು ಮೊದಲೇ ನಿಶ್ಚಯಿಸಿ, ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರು ನೋಂದಾಯಿಸುವ ಮುನ್ನವೇ ಎಲ್ಲ ದಾಖಲೆಗಳನ್ನೂ ಅದಕ್ಕೆ ಹೊಂದಿಸಬೇಕು. ಅಂಕಪಟ್ಟಿ ಅಚ್ಚಾದ ಬಳಿಕ ತಿದ್ದಿಸುವುದು ಕಷ್ಟಸಾಧ್ಯ.

ಪಾಸ್‌ಪೋರ್ಟ್ ಎಲ್ಲಿ, ಎಷ್ಟು ಕಾಲಕ್ಕೆ

ಈರೋಡು ಜಿಲ್ಲೆ ಕೊಯಮತ್ತೂರು ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯ ವ್ಯಾಪ್ತಿಗೆ ಸೇರಿದೆ. ಅಲ್ಲಿಗೆ ಹೋಗಲು ದಿಂಬಂ ಘಟ್ಟದ 27 ತಿರುವುಗಳನ್ನಿಳಿದು ಸತ್ಯಮಂಗಲ ದಾಟಬೇಕು. ಆದರೆ 2018ರ ಜೂನ್‌ನಿಂದ ದೇಶದ ಯಾವುದೇ ಪಾಸ್‌ಪೋರ್ಟ್ ಕೇಂದ್ರದಲ್ಲಿ ಅರ್ಜಿ ಸಲ್ಲಿಸಲು ಅವಕಾಶವಿದೆ. ಹೀಗಾಗಿ ಚಾಮರಾಜನಗರದ ಕಡೆಗೆ ದಿನವೂ ಓಡಾಡುವ ಕುಟುಂಬಗಳು ಮೈಸೂರನ್ನೂ ಆರಿಸಿಕೊಳ್ಳಬಹುದು. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವೆ ನೀಡುವ ವ್ಯವಸ್ಥೆ 2017ರ ಜನವರಿಯಲ್ಲಿ ದೇಶದಲ್ಲಿ ಮೊದಲು ತೆರೆದ ಎರಡು ಊರುಗಳಲ್ಲಿ ಮೈಸೂರೂ ಒಂದು. ಅರ್ಜಿಯನ್ನು ಎಲ್ಲಿ ಕೊಟ್ಟರೂ ವಿಳಾಸ ಮಾತ್ರ ವಾಸದ ಊರಿನದೇ ಇರಬೇಕು; ಪೊಲೀಸ್ ಪರಿಶೀಲನೆ ನಡೆಯುವುದು ಆ ವಿಳಾಸದಲ್ಲಿಯೇ.

ಹದಿನೆಂಟು ತುಂಬದವರ ಪಾಸ್‌ಪೋರ್ಟ್ ಐದು ವರ್ಷ ಅಥವಾ 18 ತುಂಬುವವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ಸಲ್ಲುತ್ತದೆ. ಹದಿನೇಳರ ಹುಡುಗಿಯೊಬ್ಬಳು ಒಂದು ವರ್ಷಕ್ಕೆಂದು ಹೊರಟರೆ ಪರದೇಶದಲ್ಲಿರುವಾಗಲೇ ಅವಧಿ ಮುಗಿದೀತು. 15 ದಾಟಿದವರು ಹತ್ತು ವರ್ಷದ ಪಾಸ್‌ಪೋರ್ಟ್ ಕೇಳಲು ನಿಯಮದಲ್ಲಿ ಅವಕಾಶವಿದೆ. ವಿನಿಮಯಕ್ಕೆ ಹೊರಡುವವರಿಗೆ ಅದೇ ಕ್ಷೇಮ. ತಂದೆತಾಯಿಯರಿಬ್ಬರ ಒಪ್ಪಿಗೆಯ ಪತ್ರವೂ ಅರ್ಜಿಯೊಡನಿರಬೇಕು.

ವರ್ಷಪೂರ್ತಿ ಹೋಗುವವರು ಶಾಲೆಯೊಡನೆಯೂ ಮುಂಚಿತವಾಗಿ ಮಾತನಾಡಬೇಕು. ಮರಳಿದ ಮೇಲೆ ಯಾವ ತರಗತಿಗೆ ಸೇರಿಸಿಕೊಳ್ಳುವರು, ಸಾರ್ವಜನಿಕ ಪರೀಕ್ಷೆ ಯಾವ ವರ್ಷಕ್ಕೆ ಹೋಗುತ್ತದೆ ಎಂಬುದನ್ನು ಬರಹದಲ್ಲಿಯೇ ಪಡೆಯಬೇಕು. ಕನ್ನಡದಲ್ಲಿರುವ ಪತ್ರಗಳಿಗೆ ದೃಢೀಕರಿಸಿದ ಇಂಗ್ಲಿಷ್ ಅನುವಾದವೂ ಬೇಕಾದೀತು.

ಭಾಷೆಯ ಭಯ

ಕನ್ನಡದಲ್ಲಿ ಪಾಠ ಓದುವ, 2006ರ ತಮಿಳು ಕಲಿಕಾ ಕಾಯ್ದೆಯಂತೆ ತಮಿಳನ್ನೂ ಕಲಿಯುವ, ಇಂಗ್ಲಿಷನ್ನು ವಿಷಯವಾಗಿ ಅಭ್ಯಸಿಸುವ ಮಗು ಹೊಸ ಭಾಷೆಗೆ ಹೊಂದಿಕೊಳ್ಳುವುದನ್ನು ನಿತ್ಯದಲ್ಲಿಯೇ ಕಲಿತಿರುತ್ತದೆ. ಕೊರತೆಯಿರುವುದು ಬಾಯಿಬಿಟ್ಟು ಮಾತನಾಡುವುದರಲ್ಲಿ. ತನ್ನ ಊರು, ಮನೆ, ಬೆಳೆ, ಹಬ್ಬದ ಕುರಿತು ದಿನಕ್ಕೆ ಹತ್ತು ನಿಮಿಷ ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಹೇಳುವ ಅಭ್ಯಾಸ ಎರಡು ವರ್ಷ ನಡೆದರೆ ಸಂದರ್ಶನದ ಅಂಜಿಕೆ ಬಹುಮಟ್ಟಿಗೆ ಕಳೆಯುತ್ತದೆ. ನಡೆನುಡಿಯ ಭೇದವನ್ನೂ ತಿಳಿಸಿಕೊಡಬೇಕು. ನಮ್ಮ ಮನೆಗಳಲ್ಲಿ ಉಂಡೆದ್ದವರು ಬಡಿಸಿದವರಿಗೆ ಧನ್ಯವಾದ ಹೇಳುವ ರೂಢಿಯಿಲ್ಲ. ಇಂಗ್ಲಿಷ್ ಮಾತನಾಡುವ ಮನೆಗಳಲ್ಲಿ ಅದನ್ನು ಹೇಳದಿದ್ದರೆ ಒರಟೆನಿಸುತ್ತದೆ. ಬೇಡವಾದುದನ್ನು ಸಂಕೋಚವಿಲ್ಲದೆ ಬೇಡವೆನ್ನುವುದನ್ನೂ, ಕಷ್ಟ ಬಂದರೆ ಮೇಲ್ವಿಚಾರಕರಿಗೆ ತಿಳಿಸುವುದನ್ನೂ ಕಲಿತಿರಬೇಕು.

ಒಯ್ಯಬೇಕಾದ ಬುತ್ತಿ

ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಅವರ ಬಾಳು ಇಲ್ಲಿ ನೆನೆಯತಕ್ಕದ್ದು. ತಾಳವಾಡಿಯ ಮಗುವಿಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು. ಅವರಿಗೆ ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ. ಅಧ್ಯಾಪಕರಾಗಿದ್ದ ಅವರು 1959ರಲ್ಲಿ ಫುಲ್‌ಬ್ರೈಟ್ ವಿನಿಮಯ ಯೋಜನೆಯಡಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದರು. ಮುಂದೆ ಶಿಕಾಗೋದಲ್ಲಿ ನೆಲೆಸಿದ ಅವರಿಗೆ ಜಗತ್ತಿನ ಮನ್ನಣೆ ತಂದುಕೊಟ್ಟದ್ದು ಇಂಗ್ಲಿಷಿನ ಪ್ರೌಢಿಮೆಯೊಂದೇ ಅಲ್ಲ. ಅವರೊಡನೆ ಹೋಗಿದ್ದ ವಚನಗಳು, ಸಂಗಂ ಕವಿತೆಗಳು, ಕನ್ನಡನಾಡಿನ ಹೆಂಗಸರು ಹೇಳಿದ ಕಥೆಗಳು ಕೂಡ.

ವಿನಿಮಯವೆಂದರೆ ಪಡೆಯುವುದು ಮಾತ್ರವಲ್ಲ, ಕೊಡುವುದೂ ಹೌದು. ಆತಿಥೇಯರು ‘ನಿಮ್ಮಲ್ಲಿ ಏನಿದೆ’ ಎಂದು ಕೇಳಿಯೇ ಕೇಳುತ್ತಾರೆ. ದೀಪಾವಳಿಯ ಸಮಯದಲ್ಲಿ ಗುಮಟಾಪುರದಲ್ಲಿ ನಡೆಯುವ ಗೊರೆ ಹಬ್ಬ, ಕಂಸಾಳೆಯವರು ಹಾಡುವ ಮಾದಪ್ಪನ ಕಥೆ, ಸೋಲಿಗರ ಕಾಡಿನರಿವು, ರಾಗಿ ಮುದ್ದೆಯ ಪಾಕ ಇವೆಲ್ಲ ಈ ಬೆಟ್ಟಗಳ ಮಗುವಿಗೆ ಅಜ್ಜಿಯಿಂದ, ನೆರೆಯವರಿಂದ ದೊರೆಯಬೇಕಾದ ಪಾಠಗಳು. ಪಾಸ್‌ಪೋರ್ಟಿನ ಕಾಗದಗಳನ್ನು ಹೊಂದಿಸುವಷ್ಟೇ ಶ್ರದ್ಧೆಯಿಂದ ಇವನ್ನೂ ಕೂಡಿಸಿಕೊಳ್ಳಬೇಕು. ಈ ವರ್ಷ ಆಯ್ಕೆ ಆಗದಿದ್ದರೂ ಸರಿಪಡಿಸಿದ ಹೆಸರು, ರೂಢಿಯಾದ ಮಾತು, ಅರಿತ ಕಥೆ ಯಾವುದೂ ವ್ಯರ್ಥವಾಗದು.