ತೆನೆಯ ಹೊತ್ತಿಗೆ ನೆರೆ ಬಂದರೆ

ಉಡುಪಿ ಜಿಲ್ಲೆಯ ಕೋಟೇಶ್ವರದ ಪಕ್ಕ, ಕಡಲಿಗೆ ತಾಗಿದ ಊರು ಬೀಜಾಡಿ. ಈ ಕರಾವಳಿಯ ಬೈಲುಗದ್ದೆಗೆ ಮಳೆ ಬೇಕೇ ಬೇಕು; ಆದರೆ ಅದು ಬರುವ ಹೊತ್ತು ಮುಖ್ಯ. 2020ರ ಸೆಪ್ಟೆಂಬರ್ 20ರಂದು ಜಿಲ್ಲೆಯಲ್ಲಿ ಸುರಿದ ಭಾರೀ ಮಳೆಗೆ ಭತ್ತದ ಗದ್ದೆಗಳೇ ಮುಳುಗಿದವು.

ಹೂ ಬಿಡುವಾಗ ಪೈರು ಮುಳುಗಿದರೆ ಕಾಳು ಜೊಳ್ಳು. ಬಲಿತ ತೆನೆ ನೀರಿಗೆ ಬಿದ್ದರೆ ಅಲ್ಲೇ ಮೊಳಕೆ. ಬೈಹುಲ್ಲೂ ಕೊಳೆತು ಹಟ್ಟಿಯ ದನಕ್ಕೆ ಮೇವಿಲ್ಲ. ವರ್ಷದ ಗಂಜಿಗೆ ಬೇಕಾದ ಕುಚ್ಚಲಕ್ಕಿಯನ್ನೂ ಅಂಗಡಿಯಿಂದ ಕೊಂಡು ತರಬೇಕು. ಬೆಳೆಹಾನಿ ಪರಿಹಾರದ ಲೆಕ್ಕ ಹಾಕುವಾಗ ಈ ಖರ್ಚನ್ನೂ ಸೇರಿಸಲೇಬೇಕು.

ನೆರೆಗೆ ಮೊದಲೇ ಸಿದ್ಧರಾಗಬೇಕು. ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರ ಕೊಟ್ಟ ಕೆಂಪಕ್ಕಿ ತಳಿ ‘ಸಹ್ಯಾದ್ರಿ ಪಂಚಮುಖಿ’ ವಾರದಷ್ಟು ಕಾಲ ನೆರೆ ತಡೆದುಕೊಳ್ಳುತ್ತದೆ. ಬಿತ್ತನೆ ಬೀಜಕ್ಕೆ ರೈತ ಸಂಪರ್ಕ ಕೇಂದ್ರದಲ್ಲಿ ಈಗಲೇ ವಿಚಾರಿಸಿ. ತೋಡುಗಳಲ್ಲಿ ತುಂಬಿದ ಹೂಳನ್ನು ಮೇ ತಿಂಗಳೊಳಗೆ ತೆಗೆಸಿಕೊಡಿ ಎಂದು ಗ್ರಾಮಸಭೆಯಲ್ಲೂ ಕೇಳಿ.